ಓದು ಎಲ್ಲಿ ನಿಲ್ಲಿಸಬೇಕು

ಚಿತ್ರ ನೋಡುವಾಗಲೂ ಕಾದಂಬರಿ ಓದುವಾಗಲೂ ನನ್ನ ತಲೆಯಲ್ಲಿ ಇರುವುದು ಒಂದೇ ಯೋಚನೆ: ಇವರಲ್ಲಿ ಯಾರಿಗೂ ಏನೂ ಆಗದಿದ್ದರೆ ಸಾಕಪ್ಪ. ಇದು ರಸಿಕರ ಲಕ್ಷಣವಲ್ಲವೆಂದು ನನಗೂ ಗೊತ್ತು. ರಸಿಕರು ಬಣ್ಣ ನೋಡುತ್ತಾರೆ, ಗೆರೆ ನೋಡುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ‘ಹೂಂ’ ಅನ್ನುತ್ತಾರೆ. ನನಗೆ ಬಾವಿಕಟ್ಟೆಯ ಮೇಲೆ ಕೂತ ಹುಡುಗಿಯ ಚಿತ್ರ ಕಂಡರೆ, ಈ ಹುಡುಗಿ ಇನ್ನೊಂದು ಗೇಣು ಈಚೆ ಕೂತಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಅನ್ನಿಸುತ್ತದೆ. ಒಲೆಯ ಮುಂದೆ ಕೂತ ಹೆಂಗಸಿನ ಚಿತ್ರವಾದರೆ ನಾನು ಮೊದಲು ನೋಡುವುದು ಸೆರಗು ಎಲ್ಲಿದೆ ಎಂದು. ದೇವರ ಮನೆಯ ಕ್ಯಾಲೆಂಡರಿನಲ್ಲಿ ಬಾಲಕೃಷ್ಣ ಒರಳಿನ ಮೇಲೆ ಹತ್ತಿ ಬೆಣ್ಣೆಗೆ ಕೈ ಚಾಚಿದ್ದಾನೆ. ಜಗತ್ತನ್ನೇ ಹಿಡಿದು ನಿಲ್ಲಿಸಿದವನು ಬೀಳುವುದಿಲ್ಲವೆಂದು ಗೊತ್ತಿದ್ದೂ, ಬೆಳಿಗ್ಗೆ ಹೂ ಏರಿಸುವಾಗ ನನ್ನ ಎಡಗೈ ತಾನಾಗಿ ಅವನ ಬೆನ್ನ ಕಡೆ ಹೋಗುತ್ತದೆ.

ನಮ್ಮ ಯಜಮಾನರು ನೀರಾವರಿ ಕಚೇರಿಯಲ್ಲಿದ್ದಾರೆ. ಯಾವ ಕಾಲುವೆಗೆ ಎಷ್ಟು ನೀರು ಬಿಟ್ಟರೆಂದು ಬರೆದಿಡುವುದು ಅವರ ಕೆಲಸ. “ನಿನಗ ಬರೇ ಹೂವಿನ ಕುಂಡದ ಚಿತ್ರ ತೋರಿಸಬೇಕು ನೋಡು, ಅದಕ್ಕೇನೂ ಆಗೂದಿಲ್ಲ,” ಎಂದು ನಗುತ್ತಾರೆ. ಅವರಿಗೆ ಗೊತ್ತಿಲ್ಲ. ಹೂವಿನ ಕುಂಡ ಕಂಡರೆ, ಇವತ್ತು ನೀರು ಹಾಕಿದ್ದಾರೋ ಇಲ್ಲವೋ ಎಂದು ನಾನು ಮಣ್ಣಿನ ಬಣ್ಣ ನೋಡುತ್ತೇನೆ.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಹೊಸಪೇಟೆಗೆ ಇದ್ದಕ್ಕಿದ್ದಂತೆ ಕಲೆಯ ಮೇಲೆ ಪ್ರೀತಿ ಹುಟ್ಟಿತ್ತು. ಎಲ್ಲೆಲ್ಲೂ ಹೊಸ ಬಂಗಲೆಗಳು ಎದ್ದಿದ್ದವು. ಬಂಗಲೆ ಅಂದ ಮೇಲೆ ಗೋಡೆ ಬಹಳ, ಬರಿಗೋಡೆಯನ್ನು ಎಷ್ಟಂತ ನೋಡುತ್ತಾ ಕೂಡುವುದು? ಹೀಗಾಗಿ ಒಂದು ಕಲ್ಯಾಣ ಮಂಟಪದಲ್ಲಿ ಮೂರು ದಿನದ ಚಿತ್ರಪ್ರದರ್ಶನ ಏರ್ಪಾಡಾಯಿತು. ಹಿಂದಿನ ದಿನವಷ್ಟೇ ಅಲ್ಲಿ ಮದುವೆ ಮುಗಿದಿತ್ತು. ವೇದಿಕೆಯ ಮೇಲೆ ವಧೂವರರ ಹೆಸರಿನ ಥರ್ಮಾಕೋಲ್ ಅಕ್ಷರಗಳು ಹಾಗೇ ಇದ್ದವು. ಒಳಗೆ ಕಾಲಿಟ್ಟರೆ ಸಾರಿನ ಒಗ್ಗರಣೆಯ ವಾಸನೆ. ನನಗಂತೂ ಧೈರ್ಯ ಬಂತು. ಸಾರಿನ ವಾಸನೆ ಇರುವ ಕಡೆ ನಾನು ಯಾರಿಗೂ ಹೆದರುವುದಿಲ್ಲ.

ಹೋದದ್ದು ನಾನು ಮತ್ತು ಸುಮಿ. ಸುಮಿ ನನ್ನ ನಾದಿನಿ, ಯಜಮಾನರ ಒಬ್ಬಳೇ ತಂಗಿ. ಸಂಡೂರಿನ ಹತ್ತಿರ ಯಶವಂತನಗರದಲ್ಲಿ ಅವಳ ಮನೆ. ಗಂಡನಿಗೆ ಗಣಿಯಲ್ಲಿ ಲಾರಿ ತೂಗುವ ಕಡೆ ಕೆಲಸ. ಹೆರಿಗೆಗೆಂದು ಏಳನೇ ತಿಂಗಳಿಗೇ ಅವಳನ್ನು ಕರೆದುಕೊಂಡು ಬಂದಿದ್ದೆವು. ಅಷ್ಟು ಬೇಗ ಯಾಕೆಂದರೆ, ಎರಡು ವರ್ಷದ ಹಿಂದೆ ಮೊದಲ ಸಲ ಬಸುರಾದಾಗ ಎಂಟು ತಿಂಗಳಿಗೇ ನೋವು ಕಾಣಿಸಿಕೊಂಡು, ಹೊಸಪೇಟೆಗೆ ಹೊರಟ ಜೀಪು ಲಾರಿಗಳ ಸಾಲಿನಲ್ಲಿ ಸಿಕ್ಕಿ ನಿಂತುಬಿಟ್ಟಿತ್ತು. ಮುಂದೆ ಅದಿರು, ಹಿಂದೆ ಅದಿರು. ಕೂಸು ಹುಟ್ಟಿತು, ಅಳಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನೂ ಇಲ್ಲಿ ಇಷ್ಟಕ್ಕೇ ಬಿಡುತ್ತೇನೆ.

ಪ್ರದರ್ಶನದಲ್ಲಿ ಹಂಪಿಯ ಕಲ್ಲುಗಳ ಚಿತ್ರಗಳು ಬೇಕಾದಷ್ಟಿದ್ದವು. ಅವುಗಳ ಮುಂದೆ ನಾನು ನಿರಾಳವಾಗಿ ನಿಂತೆ. ಆ ಕಲ್ಲುಗಳಿಗೆ ಆಗಬೇಕಾದದ್ದೆಲ್ಲ ಎಂದೋ ಆಗಿಹೋಗಿದೆ, ಇನ್ನು ಹೊಸದಾಗಿ ಏನು ಆದೀತು? ಆದರೆ ಕೊನೆಯ ಗೋಡೆಯ ಮೇಲೆ, ಊಟದ ಹಾಲಿನ ಬಾಗಿಲ ಪಕ್ಕ, ಒಂದು ದೊಡ್ಡ ಚಿತ್ರವಿತ್ತು. ಕೆಂಪು ರಸ್ತೆ, ಕೆಂಪು ಗಿಡ, ಆಕಾಶಕ್ಕೂ ಅದೇ ಧೂಳು. ತಿರುವಿನಲ್ಲಿ ಒಂದು ಲಾರಿ. ರಸ್ತೆಯಂಚಿನಲ್ಲಿ ಕೊಡ ಹೊತ್ತ ಹೆಂಗಸು, ದಾಟಲೆಂದು ಒಂದು ಕಾಲು ಮುಂದಿಟ್ಟಿದ್ದಾಳೆ. ಸುಮಿ ಅದನ್ನು ಒಂದು ಗಳಿಗೆ ನೋಡಿ, “ವೈನಿ, ಕಾಲು ನೋಯಲಿಕ್ಕೆ ಹತ್ಯಾವ, ಹೊರಗ ಕೂತಿರ್ತೀನಿ,” ಎಂದು ಹೋಗಿಬಿಟ್ಟಳು. ನನಗೆ ಹೋಗಲಾಗಲಿಲ್ಲ. ಆ ಹೆಂಗಸನ್ನು ಒಬ್ಬಳನ್ನೇ ಬಿಟ್ಟು ಹೇಗೆ ಹೋಗುವುದು?

ಚಿತ್ರ ಬರೆದವರು ಗಡ್ಡ ಬಿಟ್ಟ ಒಬ್ಬ ಸಾಧು ಮನುಷ್ಯರು. ಯಾರೋ ಒಬ್ಬಾಕೆ ಇಷ್ಟು ಹೊತ್ತು ನಿಂತಳಲ್ಲ ಎಂಬ ಸಂತೋಷಕ್ಕೆ ಹತ್ತಿರ ಬಂದು, “ಏನನ್ನಿಸ್ತು ಅಮ್ಮಾ?” ಅಂದರು.

“ಆಕೀನ್ನ ಸ್ವಲ್ಪ ಈ ಕಡೆ ಸರಿಸ್ರಿ,” ಅಂದೆ.

“ಯಾರನ್ನ?”

“ಆ ಹೆಣ್ಣುಮಗಳನ್ನ. ಲಾರಿ ಬರಲಿಕ್ಕೆ ಹತ್ಯದಲ್ರೀ.”

ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, “ಅಂಜಬ್ಯಾಡ್ರಿ ಅಮ್ಮಾ, ಇನ್ನ ಬರೂದಿಲ್ಲ ಅದು. ಬಣ್ಣ ಒಣಗ್ಯದ,” ಅಂದರು.

ಕಲೆಯ ಬಗ್ಗೆ ಇಷ್ಟು ನೆಮ್ಮದಿಯ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಿಜವಲ್ಲವೇ? ಬಣ್ಣ ಒಣಗಿದ ಮೇಲೆ ಆ ಲಾರಿ ಆ ತಿರುವಿನಲ್ಲೇ ಇರಬೇಕು, ಈಕೆಯ ಕಾಲು ಅಲ್ಲೇ ಇರಬೇಕು. ದೇವರು ಚಿತ್ರದವರಿಗೆ ಮಾಡಿದ ದೊಡ್ಡ ಉಪಕಾರವೆಂದರೆ ಇದೇ, ಅವರಿಗೆ ‘ಆಮೇಲೆ’ ಅನ್ನುವುದೇ ಇಲ್ಲ. ಬಾಗಿಲಲ್ಲಿ ಅಭಿಪ್ರಾಯದ ಪುಸ್ತಕ ಇಟ್ಟಿದ್ದರು. ನನಗಿಂತ ಮೊದಲು ಬರೆದವರು ದೊಡ್ಡ ದೊಡ್ಡ ಮಾತು ಬರೆದಿದ್ದರು. ನಾನು, ‘ಚಿತ್ರಗಳು ಚೆನ್ನಾಗಿವೆ. ಎಲ್ಲರೂ ಜೋಪಾನ’ ಎಂದು ಬರೆದು ರುಜು ಹಾಕಿದೆ. ಮೂರನೆಯ ದಿನ ಕಾಯಿಪಲ್ಯಕ್ಕೆ ಹೋದವಳು ಮತ್ತೊಮ್ಮೆ ಇಣುಕಿ ಬಂದೆ. ಲಾರಿ ಅಲ್ಲೇ ಇತ್ತು.

ಆದರೆ ಹೇಳಹೊರಟದ್ದು ಮೊದಲ ದಿನದ ಮಾತು. ಮನೆಗೆ ಬಂದರೆ ನಮ್ಮ ಅತ್ತೆ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದರು. ಅವರಿಗೆ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಕಪ್ಪು ಕನ್ನಡಕ, ಓದುವಂತಿಲ್ಲ, ಒಲೆಯ ಮುಂದೆ ಹೋಗುವಂತಿಲ್ಲ, ಬಗ್ಗುವಂತಿಲ್ಲ. ಕೈ ಸುಮ್ಮನಿರದೆ ಹತ್ತಿ ಹಿಡಿದು ಹೂಬತ್ತಿ ಹೊಸೆಯುತ್ತಿದ್ದರು. ಊರಲ್ಲಿರುವ ಎಲ್ಲ ದೇವರಿಗೂ ಒಂದು ವರ್ಷಕ್ಕೆ ಸಾಲುವಷ್ಟು ಬತ್ತಿ ಆಗಲೇ ಡಬ್ಬದಲ್ಲಿತ್ತು. “ಏನೇನು ನೋಡಿದ್ರಿ, ಒಂದೂ ಬಿಡದಂಗ ಹೇಳು,” ಅಂದರು. ಹೇಳುತ್ತಾ ಹೇಳುತ್ತಾ ಆ ಕೆಂಪು ರಸ್ತೆಗೆ ಬಂದೆ. ಸುಮಿ ಅಲ್ಲೇ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

“ಲಾರಿ ಬಂತು ಅಂದಿ. ಮತ್ತ ಆಕಿ?” ಎಂದು ಅತ್ತೆ ಕೇಳಿದರು.

“ದಾಟಿದ್ಲು ಅತ್ತೆ.”

“ಚಿತ್ರದಾಗ ದಾಟಿದ್ದು ನಿನಗ ಹೆಂಗ ಗೊತ್ತಾತು?”

“ಮಗ್ಗಲಿಗೆ ಇನ್ನೊಂದು ಚಿತ್ರ ಇತ್ತು. ಅದರಾಗ ಆ ಕಡಿ ದಂಡ್ಯಾಗ ಕೊಡ ಇಳಿಸಿ ನಿಂತಿದ್ಲು.”

ಅತ್ತೆ ‘ಅಷ್ಟಾತಲ್ಲ’ ಎಂದು ಬತ್ತಿ ಹೊಸೆದರು. ಮಗ್ಗುಲಲ್ಲಿ ಇದ್ದದ್ದು ಸ್ವಿಚ್ ಬೋರ್ಡು. ನಾನು ಹುಟ್ಟಾ ಸುಳ್ಳು ಹೇಳುವವಳಲ್ಲ. ಏಕಾದಶಿ ಮಾಡುತ್ತೇನೆ, ಗುರುವಾರ ಒಪ್ಪತ್ತು ಇರುತ್ತೇನೆ. ಆದರೆ ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಬಿಡಿಸದ ಆ ಚಿತ್ರ ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದ ಹಾಗಿದೆ.

ಮರುದಿನ ಮಧ್ಯಾಹ್ನ ಅತ್ತೆಗೆ ಬೇಸರ ಹೆಚ್ಚಾಯಿತು. ಮನೆಯಲ್ಲಿದ್ದ ಪುರಾಣವನ್ನೆಲ್ಲ ನಾನು ಓದಿ ಹೇಳಿ ಮುಗಿಸಿದ್ದೆ. ಆಗ ಸುಮಿ ತನ್ನ ಚೀಲದಿಂದ ಒಂದು ಕಾದಂಬರಿ ತೆಗೆದು, “ಇದನ್ನ ಓದ್ರಿ ವೈನಿ,” ಎಂದು ಮುಂದಿಟ್ಟಳು. ಅವರ ಕಾಲೊನಿಯ ಹೆಂಗಸರೆಲ್ಲ ಸೇರಿ ಒಂದು ಬೀರುವಿನಲ್ಲಿ ಪುಸ್ತಕ ಇಟ್ಟುಕೊಂಡಿದ್ದಾರೆ, ಅಲ್ಲಿಯದು. ಹೆಸರು ಹೇಳುವುದಿಲ್ಲ, ಬರೆದವರು ಎಲ್ಲಾದರೂ ಚೆನ್ನಾಗಿರಲಿ.

ಕಾದಂಬರಿಯಾದರೇನು, ಅತ್ತೆಯ ಪಾಲಿಗೆ ಓದು ಅಂದರೆ ಓದು. ಮರದ ವ್ಯಾಸಪೀಠ ತರಿಸಿ ಅದರ ಮೇಲೆ ಇಡಿಸಿದರು. ಕೈಕಾಲು ತೊಳೆದು ಕೂತೆ. ನಮ್ಮ ಮನೆಯ ಓದಿಗೆ ಎರಡು ನಿಯಮಗಳಿವೆ. ಹಿಡಿದ ಗ್ರಂಥವನ್ನು ಅರ್ಧಕ್ಕೆ ಬಿಡಬಾರದು. ದಿನದ ಓದನ್ನು ಅಶುಭದ ಜಾಗದಲ್ಲಿ ನಿಲ್ಲಿಸಬಾರದು. ಸಾವು, ಕಾಡಿಗೆ ಹೋದದ್ದು, ಅಳು ಇಂಥ ಕಡೆ ಬಂದರೆ ಮುಂದಕ್ಕೆ ಓದಿ, ಒಂದು ಮದುವೆಯೋ ಹುಟ್ಟೋ ಪಟ್ಟಾಭಿಷೇಕವೋ ಬಂದ ಮೇಲೆ ಪುಸ್ತಕ ಮುಚ್ಚಬೇಕು. ಎಲ್ಲ ಮುಗಿದ ದಿನ ಮಂಗಳಾರತಿ, ಸಕ್ಕರೆ. ಬಸುರಿ ಹೆಂಗಸು ಕೇಳುತ್ತಿದ್ದರಂತೂ ಈ ನಿಯಮ ಇನ್ನೂ ಬಿಗಿ. ತಾಯಿಯ ಹೊಟ್ಟೆಯಲ್ಲಿದ್ದಾಗ ಅರ್ಧ ಮಾತ್ರ ಕೇಳಿಸಿಕೊಂಡು, ದೊಡ್ಡವನಾಗಿ ಯುದ್ಧದಲ್ಲಿ ಒಳಗೆ ಹೋಗಿ ಹೊರಗೆ ಬರಲಾರದೆ ಹೋದ ಆ ಹುಡುಗನ ಕಥೆ ಯಾರಿಗೆ ಗೊತ್ತಿಲ್ಲ? ಅವನ ಅಪ್ಪ ಇನ್ನೊಂದು ಅರ್ಧ ತಾಸು ಹೇಳಿದ್ದರೆ ಆಗುತ್ತಿತ್ತು ಎಂದು ಅತ್ತೆಗೆ ಇವತ್ತಿಗೂ ಸಿಟ್ಟು.

ಪುರಾಣದಲ್ಲಿ ನಿಲ್ಲಿಸಲು ಒಳ್ಳೆಯ ಜಾಗಗಳು ಬೇಕಾದಷ್ಟು ಸಿಗುತ್ತವೆ. ಈಗಿನ ಕಾದಂಬರಿಯಲ್ಲಿ ಅವನ್ನು ಹುಡುಕುವುದು ಎಂಥ ಕಷ್ಟ ಅನ್ನುವುದು ನನಗೆ ಆ ಬೇಸಿಗೆಯಲ್ಲಿ ತಿಳಿಯಿತು. ಕಥೆಯ ನಾಯಕಿ ವಸುಧಾ ಎಂಬ ಶಾಲೆ ಟೀಚರು. ಹೊಳೆಯಾಚೆಯ ಹಳ್ಳಿಯಲ್ಲಿ ಕೆಲಸ, ದೂರದೂರಿನಲ್ಲಿ ಗಂಡ. ಅವಳು ಕಿಟಕಿಯಲ್ಲಿ ನಿಂತು ಯೋಚಿಸುತ್ತಾಳೆ, ಪುಟಗಟ್ಟಲೆ ಯೋಚಿಸುತ್ತಾಳೆ. ಅತ್ತೆ ಬತ್ತಿ ಹೊಸೆಯುತ್ತಾ, “ಶುಭದ್ದೇನಾರ ಬಂತೇನು?” ಅನ್ನುವರು. “ಇನ್ನೂ ಕಿಟಿಕ್ಯಾಗ ಅದಾಳ ಅತ್ತೆ,” ಅನ್ನುವೆ. “ಹಂಗಾದ್ರ ಓದು.” ಒಂದು ದಿನ ಗಂಟಲು ಆರಿಹೋಗಿ, ಕೊನೆಗೂ ಗಂಡ ಹೆಂಡತಿ ಎದುರುಬದುರು ಕೂತು ಕಾಫಿ ಕುಡಿದರು ಎಂಬ ಜಾಗ ಬಂತು. “ಕಾಫಿ ಕುಡದ್ರಲ್ಲ, ಸಾಕು ನಿಲ್ಲಿಸು. ಇವರ ಮನ್ಯಾಗ ಇದಕ್ಕಿಂತ ದೊಡ್ಡ ಶುಭ ಇವತ್ತ ಬರೂಹಂಗ ಕಾಣೂದಿಲ್ಲ,” ಎಂದು ಅತ್ತೆ ಅಪ್ಪಣೆ ಕೊಟ್ಟರು.

ಈ ಪೇಚಾಟ ತಪ್ಪಿಸಿಕೊಳ್ಳಲು ನಾನು ಬೆಳಿಗ್ಗೆ ಅಡುಗೆಮನೆಯಲ್ಲೇ ಮುಂದಿನ ಪುಟಗಳನ್ನು ತಿರುವಿ, ನಿಲ್ಲಿಸುವ ಜಾಗ ಹುಡುಕಿಟ್ಟುಕೊಳ್ಳತೊಡಗಿದೆ. ಅಷ್ಟು ಹೊತ್ತಿಗೆ ವಸುಧಾ ಬಸುರಾಗಿದ್ದಳು. ಅತ್ತೆಗೆ ಸಂಭ್ರಮವೋ ಸಂಭ್ರಮ. ಸುಮಿಗೆ ಹಾಲು ಕೊಡುವಾಗಲೆಲ್ಲ “ಆಕಿ ಹಾಲು ಕುಡೀತಾಳೋ ಇಲ್ಲೋ, ಪಾಪ” ಅನ್ನುತ್ತಿದ್ದರು. ಒಂದು ಬೆಳಿಗ್ಗೆ, ಬೇಳೆ ಒಲೆಯ ಮೇಲಿಟ್ಟು, ಹೇಗೂ ಆರತಿಗೆ ಸಕ್ಕರೆ ತರಿಸಬೇಕಲ್ಲ ಎಂದು ಕೊನೆಯ ಅಧ್ಯಾಯ ತೆಗೆದೆ.

ವಸುಧಾಳಿಗೆ ನೋವು ಬರುತ್ತದೆ. ಹೊಳೆ ತುಂಬಿದೆ, ಗಾಡಿ ದಾಟುವುದಿಲ್ಲ. ಈಚೆ ದಂಡೆಯಲ್ಲೇ ತಾಯಿಯೂ ಹೋಗುತ್ತಾಳೆ, ಕೂಸೂ ಹೋಗುತ್ತದೆ. ಕೊನೆಯ ಪುಟದ ಕೆಳಗೆ ಖಾಲಿ ಜಾಗದಲ್ಲಿ ಕಾಲೊನಿಯ ಹೆಂಗಸರು ಪೆನ್ಸಿಲಿನಲ್ಲಿ ತಮ್ಮ ತಮ್ಮ ಅಭಿಪ್ರಾಯ ಬರೆದಿದ್ದರು. ‘ಅಯ್ಯೋ, ಹೀಗಾಗಬಾರದಿತ್ತು’ ಎಂದು ಒಬ್ಬರು. ‘ಜೀವನ ಅಂದರೆ ಇಷ್ಟೇ’ ಎಂದು ಇನ್ನೊಬ್ಬರು. ಅದರ ಕೆಳಗೆ ಮತ್ತೊಂದು ಅಕ್ಷರ, ‘ಬರೆದವರಿಗೆ ಹೆಣ್ಣುಮಕ್ಕಳಿಲ್ಲ ಅಂತ ಕಾಣುತ್ತದೆ’. ಬೇಳೆ ಉಕ್ಕಿ ಒಲೆ ಆರಿದ್ದು ನನಗೆ ಗೊತ್ತೇ ಆಗಲಿಲ್ಲ.

ಏನು ಮಾಡುವುದು? ಓದಿದರೆ ಒಳಗೆ ಮಲಗಿರುವ ಈ ಹುಡುಗಿಯ ಗತಿ ಏನು? ಬಿಟ್ಟರೆ ಅರ್ಧಕ್ಕೆ ನಿಂತ ಗ್ರಂಥ, ಅತ್ತೆ ಅದನ್ನೇ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಅವರಿಂದ ಮಗಳಿಗೂ ಅಂಟುತ್ತದೆ. ಯಜಮಾನರಿಗೆ ಹೇಳಿದರೆ, “ಪುಸ್ತಕ ಇಲಿ ಕಡೀತು ಅಂತ ಹೇಳು,” ಅಂದರು. ಆ ಶನಿವಾರ ಬೆಳಿಗ್ಗೆ ಹಂಪಿಯ ಬಸ್ಸು ಹತ್ತಿ, ಹೊಳೆದಂಡೆಯ ಪ್ರಾಣದೇವರು ಹನುಮಪ್ಪನಿಗೆ ಪ್ರದಕ್ಷಿಣೆ ಹಾಕಿ ಕೇಳಿಕೊಂಡೆ. ‘ಸ್ವಾಮಿ, ಯಾರೋ ಪುಣ್ಯಾತ್ಮರು ಕಷ್ಟಪಟ್ಟು ಬರೆದದ್ದನ್ನು ನಾನು ಕೆಡಿಸುತ್ತೇನೆ. ಆ ಪಾಪ ನನಗಿರಲಿ. ಆ ಹುಡುಗಿಗೆ ಮುಟ್ಟದಿರಲಿ.’ ದೇವರು ಬೇಡವೆನ್ನಲಿಲ್ಲ. ತೀರ್ಥ ತೆಗೆದುಕೊಂಡು ಹನ್ನೊಂದರ ಬಸ್ಸಿಗೆ ವಾಪಸು ಬಂದೆ.

ಮೂರು ಮಧ್ಯಾಹ್ನ ನಾನು ಕಾದಂಬರಿ ಬರೆದೆ. ಬರೆದೆ ಅಂದರೆ ಪುಸ್ತಕ ನೋಡುತ್ತಾ ಬಾಯಲ್ಲಿ ಕಟ್ಟಿದೆ. ಮೊದಲನೆಯ ದಿನವೇ ಹೊಳೆಯನ್ನು ಇಳಿಸಿದೆ. ನಮ್ಮ ಯಜಮಾನರ ಇಡೀ ಇಲಾಖೆಗೆ ಒಂದು ವಾರ ಹಿಡಿಯುವ ಕೆಲಸವನ್ನು ನಾನು ಒಂದು ವಾಕ್ಯದಲ್ಲಿ ಮುಗಿಸಿದೆ. ಎರಡನೆಯ ದಿನ ಗಾಡಿ ಬಿಡಿಸಿ ಜೀಪು ತರಿಸಿದೆ, ರಸ್ತೆಯಲ್ಲಿ ಒಂದು ಲಾರಿಯನ್ನೂ ಇಡಲಿಲ್ಲ. ದಪ್ಪ ಕನ್ನಡಕದ ಒಬ್ಬ ಡಾಕ್ಟರಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದೆ. ನಡುನಡುವೆ ಪುಟ ತಿರುವುವುದು ಮರೆತುಹೋಗುತ್ತಿತ್ತು. ಅತ್ತೆಗೆ ಕಣ್ಣಿಲ್ಲದ ಆ ದಿನಗಳಲ್ಲಿ ಕಿವಿ ಎರಡರಷ್ಟಾಗಿತ್ತು. “ಭಾಳ ಹೊತ್ತು ಆತು, ಹಾಳಿ ಸಪ್ಪಳ ಬರಲಿಲ್ಲಲ್ಲ?” ಅನ್ನುವರು. “ದೊಡ್ಡ ಹಾಳಿ ಅತ್ತೆ,” ಎಂದು ಒಟ್ಟಿಗೆ ಎರಡು ತಿರುವುತ್ತಿದ್ದೆ.

ಭಾಷೆ ಕೆಟ್ಟಿತು, ಒಪ್ಪುತ್ತೇನೆ. ಬರೆದವರು ಬೆಳಕು, ಮೌನ, ನೆರಳು ಎಂದು ಬರೆದಲ್ಲಿ ನನ್ನ ಬಾಯಿಗೆ ಬಂದದ್ದು ಬಿಸಿನೀರು, ಹಳೇ ಸೀರೆಯ ಮೆತ್ತನೆ ಬಟ್ಟೆ, ಸಾಂಬ್ರಾಣಿ ಹೊಗೆ, ಅಂಟಿನುಂಡೆ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, “ಈ ಲೇಖಕ ಕಡೀ ಕಡೀಕ ಭಾಳ ಛಲೋ ಬರದಾನ. ಮೊದಲ ಏನೇನೋ ಗಾಳಿ, ಬೆಳಕು ಅಂತಿದ್ದ. ಈಗ ನೋಡು, ಬಾಣಂತಿಗೆ ಏನು ಬೇಕು ಅಂತ ಗೊತ್ತಾಗ್ಯದ,” ಅಂದರು. ನನ್ನ ಜೀವಮಾನದಲ್ಲಿ ನಾನು ಪಡೆದ ವಿಮರ್ಶೆ ಅದೊಂದೇ. ಇವತ್ತಿಗೂ ನೆನೆಸಿಕೊಂಡರೆ ಖುಷಿಯಾಗುತ್ತದೆ.

ಮೂರನೆಯ ದಿನ ಮಧ್ಯಾಹ್ನ ವಸುಧಾಳಿಗೆ ಹೆರಿಗೆ ಮಾಡಿಸಿದೆ. ‘ಹೆಣ್ಣು ಕೂಸು, ತಾಯಿ ಕೂಸು ಇಬ್ಬರೂ ಆರಾಮ’ ಎಂದು ಓದಿ ಉಸಿರು ಬಿಟ್ಟೆ. ಅಷ್ಟೂ ದಿನ ಒಂದು ಮಾತನ್ನೂ ಆಡದೆ ಗೋಡೆ ಕಡೆ ಮುಖ ಮಾಡಿ ಕೇಳುತ್ತಿದ್ದ ಸುಮಿ ಈಗ ಈ ಕಡೆ ಹೊರಳಿದಳು.

“ಕೂಸು ಅತ್ತಿತೇನು ವೈನಿ?”

ನನ್ನ ಕೈ ಪುಸ್ತಕದ ಮೇಲೆ ಇತ್ತು. ಅಕ್ಷರ ಕಾಣಲಿಲ್ಲ. “ಅತ್ತಿತಲ್ಲ,” ಎಂದು ತಡವರಿಸಿ, ಓದುವವಳ ದನಿ ತಂದುಕೊಂಡು, “‘ಹೊರಗೆ ಬಂದ ಕೂಡಲೇ ಕೂಸು ಎಂಥ ದನಿ ತೆಗೆಯಿತೆಂದರೆ, ಓಣಿಯ ತುದಿಯಲ್ಲಿ ಎಮ್ಮೆ ಕರೆಯುತ್ತಿದ್ದವಳು ತಿರುಗಿ ನೋಡಿದಳು,’” ಅಂದೆ.

“ಆ ಸಾಲು ಇನ್ನೊಮ್ಮೆ ಓದ್ರಿ.”

ಓದಿದೆ. ಈ ಸಲ ಓಣಿ ಇತ್ತು, ಎಮ್ಮೆ ಇತ್ತು, ಮಿಕ್ಕದ್ದು ಸ್ವಲ್ಪ ಬದಲಾಯಿತು. ಸುಮಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಆ ಮಧ್ಯಾಹ್ನ ಅವಳಿಗೆ ನಿದ್ದೆ ಬಂತು. ನಮ್ಮ ಮನೆಗೆ ಬಂದ ಮೇಲೆ ಹಗಲಲ್ಲಿ ಅವಳು ಗೊರಕೆ ಹೊಡೆದದ್ದು ಅದೇ ಮೊದಲು.

ಅತ್ತೆ ಕಾದಂಬರಿಗೆ ಮಂಗಳಾರತಿ ಮಾಡಿಸಿದರು. ಅದೇ ಹೊತ್ತಿಗೆ 'ಸ್ವಲ್ಪ ಮಜ್ಜಿಗೆ ಹೆಪ್ಪು ಕೊಡ್ರಿ' ಎಂದು ಪಕ್ಕದ ಮನೆಯ ಗಿರಿಜಕ್ಕ ಬಂದರು. ಮೆಟ್ರಿ ಎಂಬ ಹಳ್ಳಿಯ ಕಡೆಯವರು, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. “ಆರತಿ ಮಾಡಿದ ಬುಕ್ಕು ಅಂದ್ರ ಭಾಳ ಚೊಲೊ ಇರಬೇಕು, ನಾನೂ ಓದ್ತೀನಿ ಕೊಡ್ರಿ,” ಅಂದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಪುಸ್ತಕವನ್ನು ಅವರ ಕೈಗಿತ್ತು ಪ್ರಸಾದದ ಸಕ್ಕರೆಯನ್ನೂ ಕೊಟ್ಟಿದ್ದರು.

ಮುಂದಿನ ದಿನಗಳಲ್ಲಿ ನಾನು ಪಟ್ಟ ಪಾಡು ವಸುಧಾಳೂ ಪಟ್ಟಿರಲಿಕ್ಕಿಲ್ಲ. ಗಿರಿಜಕ್ಕ ಯಾವ ಗಳಿಗೆಯಲ್ಲಿ ಕೊನೆಯ ಪುಟ ಮುಟ್ಟಿ, ಕಣ್ಣೀರು ಹಾಕುತ್ತಾ ನೇರ ನಮ್ಮ ಪಡಸಾಲೆಗೆ ಬಂದು ಸುಮಿಯ ಎದುರಿಗೇ ಕೂಡುತ್ತಾರೋ ಎಂದು ಜೀವ ಹಾರುತ್ತಿತ್ತು. ಹಿತ್ತಲಲ್ಲಿ ಕಂಡಾಗಲೆಲ್ಲ “ಎಲ್ಲಿಗೆ ಬಂತ್ರಿ?” ಎಂದು ಕೇಳುವೆ. “ಇನ್ನೂ ಕಿಟಿಕ್ಯಾಗ ನಿಂತಾಳ ನೋಡ್ರಿ,” ಅಂದರೆ ಆ ದಿನದ ಅನ್ನ ಇಳಿಯುತ್ತಿತ್ತು. ಓದಿನ ವೇಗ ಕಡಿಮೆ ಮಾಡಲು ಒಂದು ಉಪಾಯ ಹೊಳೆಯಿತು. ಗಿರಿಜಕ್ಕನಂತೆ ಕೌದಿ ಹೊಲೆಯುವವರು ನಮ್ಮ ಓಣಿಯಲ್ಲಿ ಇನ್ನೊಬ್ಬರಿಲ್ಲ. ಹಳೆಯ ಸೀರೆಗಳನ್ನೆಲ್ಲ ಹೊರೆ ಕಟ್ಟಿ ಒಯ್ದು, ಕೂಸಿಗೊಂದು ಕೌದಿ ಹೊಲೆದುಕೊಡ್ರಿ, ಹೊಲಿಗೆ ಒತ್ತಾಗಿ ಇರಲಿ, ಅವಸರ ಬೇಡ ಎಂದೆ. ಅದು ಮುಗಿಯುತ್ತಾ ಬಂದಾಗ, ಹಾಸಲು ಒಂದಾಯಿತು, ಹೊದೆಯಲು ಇನ್ನೊಂದು ಇರಲಿ ಎಂದೆ. “ಒಂದ ಕೂಸಿಗೆ ಎಷ್ಟು ಕೌದೀ ಬೇಕ್ರೀ ನಿಮಗ, ಅವಳಿ ಜವಳಿ ಐತೇನು?” ಎಂದು ಗಿರಿಜಕ್ಕ ಗದರಿಕೊಂಡರೂ ಸೂಜಿ ಕೆಳಗಿಡಲಿಲ್ಲ.

ಒಂಬತ್ತು ತುಂಬಿ ಆರನೆಯ ದಿನ ಬೆಳಿಗ್ಗೆ ಸುಮಿಗೆ ನೋವು ಬಂತು. ಆಸ್ಪತ್ರೆ ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಆಟೋ ಸಿಕ್ಕಿತು. ಮೂಲೆಯಲ್ಲಿ ಒಂದು ಲಾರಿ ಅಡ್ಡ ಇತ್ತು, ಡ್ರೈವರ್ ನಮ್ಮನ್ನು ನೋಡಿ ತಾನೇ ಹಿಂದಕ್ಕೆ ತೆಗೆದ. ನಾನು ಇಂಥವನ್ನೆಲ್ಲ ಮನಸ್ಸಿನಲ್ಲಿ ಎಣಿಸಿಟ್ಟುಕೊಳ್ಳುವವಳು: ಆಟೋ ಒಂದು, ಡ್ರೈವರ್ ಎರಡು, ಡಾಕ್ಟರಮ್ಮ ಡ್ಯೂಟಿಯಲ್ಲಿದ್ದದ್ದು ಮೂರು. ಆ ಡಾಕ್ಟರಮ್ಮನಿಗೆ ದಪ್ಪ ಕನ್ನಡಕ ಇರಲಿಲ್ಲ, ಅದೊಂದು ಬಿಟ್ಟರೆ ನಾನು ಹೇಳಿದ ಹಾಗೇ ಇದ್ದರು. ಯಜಮಾನರು ಹೊರಗೆ ಅತ್ತಿಂದಿತ್ತ ತಿರುಗುತ್ತಿದ್ದರು. ಭಾವ, ಅಂದರೆ ಸುಮಿಯ ಗಂಡ, ಕಂಪನಿ ಬಸ್ಸಿಳಿದು ಮೈಯೆಲ್ಲ ಕೆಂಪಾಗಿ ಓಡಿ ಬಂದರು. ನಾನು ಬಾಗಿಲಿಗೆ ಆತು ನಿಂತು ಹನುಮಪ್ಪನ ಹೆಸರು ಹೇಳುತ್ತಿದ್ದೆ. ಹೇಳುತ್ತಿದ್ದೆ ಅಷ್ಟೇ, ಜೀವವೆಲ್ಲ ಕಿವಿಯಲ್ಲಿತ್ತು.

ಹನ್ನೊಂದಕ್ಕೆ ಕೂಸು ಅತ್ತಿತು. ಅಂಥ ದೊಡ್ಡ ದನಿಯೇನಲ್ಲ, ಬೆಕ್ಕಿನ ಮರಿಯಷ್ಟು. ಆದರೆ ಆ ಸದ್ದಿಗೆ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನರ್ಸು ಬಂದು “ಯಾಕ್ರೀ, ನಿಮಗೇನಾತು?” ಅಂದಳು. ಏನೂ ಆಗಲಿಲ್ಲವಲ್ಲ, ಅದಕ್ಕೇ ಎಂದು ಅವಳಿಗೆ ಹೇಗೆ ಹೇಳಲಿ?

ಹನ್ನೆರಡನೆಯ ದಿನಕ್ಕೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದ್ದಾಯಿತು. ಕೌದಿಯ ಕೆಲಸ ಮುಗಿದು ಕೈ ಖಾಲಿಯಾದ ಗಿರಿಜಕ್ಕ ಅದಾದ ನಾಲ್ಕನೆಯ ದಿನ ಮಧ್ಯಾಹ್ನ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ, ಕಾದಂಬರಿ ಹಿಡಿದು ಬಂದೇ ಬಿಟ್ಟರು. ಸುಮಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಮೊಮ್ಮಗಳ ಉಗುರು ನೋಡುತ್ತಿದ್ದರು.

“ಎಂಥಾ ಬುಕ್ಕು ಕೊಟ್ರಿ ಅಮ್ಮಾರ! ಆಕಿ ಸತ್ತೇ ಹೋದ್ಲಲ್ರೀ, ಕೂಸು ಸೈತ! ಇಂಥಾದ್ದಕ್ಕ ಆರತಿ ಬೇರೆ ಮಾಡೀರಿ!”

ನಾನು ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತೆ. ಅತ್ತೆ ಮೊಮ್ಮಗಳ ಬೆರಳು ಬಿಡದೆ, ತಲೆಯೆತ್ತದೆ, ಬಹಳ ಸಾವಧಾನವಾಗಿ ಹೇಳಿದರು: “ಹೌದೇನು? ನಮ್ಮ ಮನ್ಯಾಗ ಓದಿದ್ದರಾಗ ಹಡದು ಆರಾಮ ಅದಾಳಲ್ಲ. ದೊಡ್ಡ ಗ್ರಂಥ ಅಂದ ಮ್ಯಾಲೆ ಪಾಠಾಂತರ ಇರ್ತಾವ ಗಿರಿಜಾ. ಊರಿಂದ ಊರಿಗೆ, ಬಾಯಿಂದ ಬಾಯಿಗೆ ಬದಲಾಗತಾವ. ನಿನಗ ಸಿಕ್ಕ ಪಾಠ ಅಷ್ಟು ಛಲೋದಲ್ಲ.”

ಗಿರಿಜಕ್ಕ ಕೈಯಲ್ಲಿದ್ದ ಪುಸ್ತಕವನ್ನೇ ತಿರುಗಿಸಿ ಮುರುಗಿಸಿ ನೋಡಿದರು. “ಇದ ಬುಕ್ಕಲ್ರೀ?” ಅಂದರು. ಅಷ್ಟರಲ್ಲಿ ಸುಮಿ ನಗತೊಡಗಿದಳು. ಕೂಸು ಮೊಲೆ ಬಿಟ್ಟು ಅಳುವಷ್ಟು ನಕ್ಕಳು. ಎರಡು ವರ್ಷದಿಂದ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಗಿರಿಜಕ್ಕ ಹೋದ ಮೇಲೆ ಅವಳ ಹತ್ತಿರ ಕೂತು, ತಪ್ಪೊಪ್ಪಿಕೊಳ್ಳಬೇಕೆಂದು ಬಾಯಿ ತೆಗೆದೆ. ಅವಳೇ ಹೇಳಿದಳು. “ನನಗ ಗೊತ್ತಿತ್ತು ವೈನಿ. ಯಶವಂತನಗರದಾಗ ಇದ್ದಾಗ ಎರಡು ಸಲ ಓದೀನಿ ಅದನ್ನ.”

“ಗೊತ್ತಿದ್ದೂ ಮತ್ಯಾಕ ತಂದಿ, ಹುಚ್ಚಿ?”

“ಆ ದುಃಖಾನ ನಾನೊಬ್ಬಾಕೀನೇ ಹಿಡ್ಕೊಂಡು ಕೂಡಲಿಕ್ಕೆ ಆಗಲಿಲ್ಲ. ಮನ್ಯಾಗ ಎಲ್ಲಾರೂ ಕೂಡಿ ಕೇಳಿದ್ರ, ನಿಮ್ಮ ಸಂಗಾಟ ನಾನೂ ಅತ್ತು ಹಗುರ ಆಗತೀನಿ ಅಂದ್ಕೊಂಡಿದ್ದೆ. ನೀವು ನೋಡಿದ್ರ ಆಕೀನ್ನ ಸಾಯಲಿಕ್ಕೇ ಬಿಡಲಿಲ್ಲ.”

“ಸುಳ್ಳು ಅಂತ ಗೊತ್ತಿತ್ತಲ್ಲ.”

“ಗೊತ್ತಿದ್ದದ್ದಕ್ಕೇ ನಿದ್ದಿ ಬಂತು,” ಅಂದಳು ಸುಮಿ, ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಾ. “ಪುಸ್ತಕದಾಗ ಇದ್ದದ್ದು ಯಾರಿಗೋ ಬರದದ್ದು. ನೀವು ಓದಿದ್ದು ನನಗಂತ ಓದಿದ್ದು.”

ನನ್ನಂಥವಳು ಕಲೆಯ ಬಗ್ಗೆ ಮಾತಾಡಬಾರದು. ಆ ಕಾದಂಬರಿ ಬರೆದವರಿಗೆ ಹಾಗೇ ಬರೆಯಲು ಏನೋ ಕಾರಣವಿರಬೇಕು. ತುಂಬಿದ ಹೊಳೆ ಇಳಿಯದ ಊರುಗಳೂ ಇವೆ, ಅಳದ ಕೂಸುಗಳೂ ಇವೆ, ಅದನ್ನು ಯಾರಾದರೂ ಬರೆದಿಡಬೇಕು. ಅವರ ಪುಸ್ತಕ ಇಲ್ಲದಿದ್ದರೆ ಸುಮಿಗೆ ತನ್ನ ದುಃಖವನ್ನು ಎತ್ತಿ ತಂದು ನಮ್ಮ ಪಡಸಾಲೆಯಲ್ಲಿ ಇಡಲು ಒಂದು ಪಾತ್ರೆಯೂ ಇರುತ್ತಿರಲಿಲ್ಲ. ಬರೆದವರು ಅವರ ಕೆಲಸ ಮಾಡಿದರು, ನಾನು ನನ್ನದು ಮಾಡಿದೆ. ಪುಸ್ತಕಕ್ಕೆ ರಟ್ಟು ಹಾಕಿ, ಭಾವನ ಕೈಯಲ್ಲಿ ಕಾಲೊನಿಯ ಬೀರುವಿಗೆ ಕಳಿಸಿದೆ. ಕೊನೆಯ ಪುಟದ ಖಾಲಿ ಜಾಗದಲ್ಲಿ ನಾನೂ ಒಂದು ಸಾಲು ಬರೆಯೋಣವೆಂದು ಪೆನ್ಸಿಲ್ ತೆಗೆದು, ಬೇಡವೆಂದು ಬಿಟ್ಟೆ.

ಸುಮಿ ಬಾಣಂತನದ ಐದು ತಿಂಗಳು ಮುಗಿಸಿಕೊಂಡು ಗಂಡನ ಮನೆಗೆ ಹೋದಳು. ಅತ್ತೆಗೆ ಈಗ ಕಣ್ಣು ನಿಚ್ಚಳವಾಗಿದೆ, ತಾವೇ ಓದುತ್ತಾರೆ. ಪುರಾಣ ಬಿಟ್ಟು ಕಾದಂಬರಿಯ ರುಚಿ ಹತ್ತಿದೆ. ನಿನ್ನೆ ಮಧ್ಯಾಹ್ನ ನಾನು ಪಾತ್ರೆ ತಿಕ್ಕುತ್ತಿದ್ದೆ. ಒಳಗಿನಿಂದ ಪುಟ ಮಗುಚುವ ಸಪ್ಪಳ ಕೇಳುತ್ತಿತ್ತು, ಆಮೇಲೆ ನಿಂತಿತು. ಬಹಳ ಹೊತ್ತಾದ ಮೇಲೆ ಅತ್ತೆ ಕೂಗಿದರು:

“ಪದ್ಮಾ, ಪಾತ್ರೆ ಆಮ್ಯಾಲೆ ತಿಕ್ಕೀಯಂತ. ಇಲ್ಲೊಬ್ಬಾಕಿ ಭಾಳ ಕಷ್ಟದಾಗ ಸಿಕ್ಕೊಂಡಾಳ, ಬಂದು ಇಷ್ಟು ನೀನು ಓದು.”

ಕೈ ಒರೆಸಿಕೊಂಡು ಹೋದೆ.